ನಮ್ಮ ಗಾಡಿ ಎಲ್ಲೈತೆ?

ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಅಂದರೆ ಸುಮ್ಮನೆ ಕೂತಿರಲಿಲ್ಲ, ಎಲ್ಲರ ಮೇಲೂ ಕಾಲು ಕೆರೆದುಕೊಂಡು ಜಗಳಕ್ಕೆ ಹೋಗುತ್ತಿದ್ದೆ. ನಮ್ಮವ್ವನಿಗೆ ಸಾಕುಸಾಕಾಗಿ, ‘ಇವಳಿಗೊಂದು ಕೆಲಸ ನೋಡಿ, ಇಲ್ಲ ಗಂಡು ನೋಡಿ’ ಎಂದು ಅಪ್ಪನ ಬೆನ್ನು ಹತ್ತಿದಳು. ಅಪ್ಪನಿಗೆ ಮೊದಲು ಸಿಕ್ಕಿದ್ದು ಕೆಲಸ. ತೊಂಬತ್ತರ ದಶಕದ ನಡುವಿನಲ್ಲಿ, ತಿಪಟೂರಿನ ಒಂದು ಲಾರಿ ಆಫೀಸಿಗೆ ಫೋನ್ ಎತ್ತುವ ಹುಡುಗಿಯಾಗಿ ನಾನು ಸೇರಿಕೊಂಡೆ.

ನಮ್ಮ ಸೀಮೆಯ ಉಂಡೆ ಕೊಬ್ಬರಿಯನ್ನು ನಮಗಿಂತ ಉತ್ತರದವರು ತಿನ್ನುವುದೇ ಹೆಚ್ಚು. ವರ್ಷದ ತನಕ ಅಟ್ಟದ ಮೇಲೆ ಒಣಗಿ, ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುವ ಕಾಯಿ, ಸುಲಿಸಿಕೊಂಡು ಒಡೆಸಿಕೊಂಡು ಚೀಲ ಸೇರಿ, ಲಾರಿ ಹತ್ತಿ ದೆಹಲಿಗೋ ಜೈಪುರಕ್ಕೋ ಹೋಗುತ್ತದೆ. ಅದರ ಜೊತೆ ಯಾರದೋ ಮನೆಯ ಗಂಡನೋ ಮಗನೋ ಸ್ಟೇರಿಂಗ್ ಹಿಡಿದು ಹೋಗಿರುತ್ತಾನೆ. ಹೋದವನು ಇವತ್ತು ಎಲ್ಲಿದ್ದಾನೆ, ಉಂಡನೋ ಇಲ್ಲವೋ, ಮನೆಯವರಿಗೆ ತಿಳಿಯುವ ದಾರಿ ಇರಲಿಲ್ಲ. ಇದ್ದದ್ದು ನಮ್ಮ ಆಫೀಸಿನ ಗೋಡೆಗೆ ಹಾಕಿದ್ದ ಒಂದು ಹಲಗೆ.

ಅದನ್ನು ನಮ್ಮ ಯಜಮಾನರು ತಾವೇ ಮಾಡಿದ್ದರು. ಆಳೆತ್ತರದ ಹಲಸಿನ ಹಲಗೆ, ಅದರ ಮೇಲೆ ಕೆಳಗಿನಿಂದ ಮೇಲಕ್ಕೆ ಸೊಟ್ಟಸೊಟ್ಟಗೆ ಹೊಡೆದ ಮೊಳೆಗಳು. ತೀರಾ ಕೆಳಗಿನ ಮೊಳೆ ತಿಪಟೂರು, ತೀರಾ ಮೇಲಿನದು ದೆಹಲಿ. ನಡುವೆ ಹುಳಿಯಾರು, ಹಿರಿಯೂರು, ಬಳ್ಳಾರಿ, ಹೈದರಾಬಾದು, ನಾಗಪುರ, ಝಾನ್ಸಿ. ಒಂದೊಂದು ಲಾರಿಗೂ ಒಂದೊಂದು ಕರಟದ ಬಿಲ್ಲೆ. ತೆಂಗಿನ ಕರಟವನ್ನು ದುಂಡಗೆ ಕತ್ತರಿಸಿ, ಗಾಜಿನ ಚೂರಿನಲ್ಲಿ ಹೆರೆದು ನುಣುಪು ಮಾಡಿ, ತೂತು ಕೊರೆದು, ಬಿಳಿ ಬಣ್ಣದಲ್ಲಿ ಗಾಡಿಯ ನಂಬರು ಬರೆದದ್ದು. ಡ್ರೈವರು ಯಾವುದೋ ಊರಿನ ಎಸ್‌ಟಿಡಿ ಬೂತಿನಿಂದ ‘ನಾಗಪುರ ದಾಟ್ದೆ ಕಣಕ್ಕ’ ಎಂದು ಹೇಳಿದ ಕೂಡಲೇ ನಾನು ಎದ್ದು ಹೋಗಿ ಅವನ ಬಿಲ್ಲೆಯನ್ನು ಮುಂದಿನ ಮೊಳೆಗೆ ತಗುಲಿಸಬೇಕು. ಫೋನ್ ಬಾರದಿದ್ದರೆ ಎದುರಿನಿಂದ ಬಂದ ಲಾರಿಯವರನ್ನು ಕೇಳಬೇಕು, ‘ನಮ್ಮ ಗಾಡಿ ಎಲ್ಲಾದ್ರೂ ಕಂಡ್ರೇನಣ್ಣ?’ ಎಂದು.

ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಯಜಮಾನರಿಗೆ ಬುದ್ಧಿ ಹೇಳಲು ಹೋದೆ. ‘ಇದೇನ್ರೀ, ಬಿಲ್ಲೆ ಮೇಲೆ ಬರೀ ನಂಬರು? ಡ್ರೈವರ್ ಹೆಸ್ರು ಬರೆದ್ರೆ ಸುಲಭ ಅಲ್ವಾ?’

ಅವರು ಕನ್ನಡಕ ಮೂಗಿನ ತುದಿಗಿಳಿಸಿ ನನ್ನನ್ನು ನೋಡಿದರು. ‘ಹೆಸ್ರು ಬರೆದ್ರೆ ಹೆಂಗಸ್ರು ಹೆಂಗಮ್ಮ ಕೇಳ್ತಾರೆ?’

ಆಗ ಅರ್ಥವಾಯಿತು. ಸಂತೆಯ ದಿನ ಸುತ್ತಲ ಹಳ್ಳಿಯ ಹೆಂಗಸರು ಚೀಲ ಹಿಡಿದುಕೊಂಡು ಆಫೀಸಿನ ಬಾಗಿಲಿಗೆ ಬರುತ್ತಿದ್ದರು. ತಾಯಂದಿರು ಮಗನ ಹೆಸರು ಹೇಳಿ ಕೇಳುತ್ತಿದ್ದರು. ಹೆಂಡತಿಯರು ಕೇಳುತ್ತಿದ್ದದ್ದು ನಂಬರು. ಗಂಡನ ಹೆಸರನ್ನು ಬಾಯಲ್ಲಿ ಆಡಬಾರದು, ಆಡಿದರೆ ಅವನ ಆಯಸ್ಸು ಕಡಿಮೆ ಎಂದು ಹುಟ್ಟಿನಿಂದ ಕೇಳಿ ಬೆಳೆದವರು ಅವರು. ‘ನಲವತ್ತೇಳು ಹನ್ನೆರಡು ಎಲ್ಲೈತೆ?’ ಎಂದು ಕೇಳಿ, ನಾನು ಮೊಳೆ ತೋರಿಸಿದರೆ, ಮೊಳೆಯನ್ನೇ ಕಣ್ತುಂಬಾ ನೋಡಿಕೊಂಡು ಹೋಗುತ್ತಿದ್ದರು. ಓದು ಬರದವರೂ ಬೇರೆಲ್ಲ ಅಂಕಿ ಬಿಟ್ಟು ಅದೊಂದು ನಂಬರನ್ನು ಬಲು ಚೆನ್ನಾಗಿ ಗುರುತು ಹಿಡಿಯುತ್ತಿದ್ದರು. ನನಗೋ ಮೈ ಉರಿಯುತ್ತಿತ್ತು. ನಮ್ಮವ್ವನೂ ಅಪ್ಪನನ್ನು ಜೀವಮಾನವಿಡೀ ‘ಇವಳಪ್ಪ’ ಅಂತಲೇ ಕರೆದವಳು. ನಾನು ಮಾತ್ರ ಮುಂದೆ ಮದುವೆಯಾದ ವಾರಕ್ಕೇ ಗಂಡನನ್ನು ಹೆಸರು ಹಿಡಿದು ಕೂಗಿ ಅತ್ತೆಯ ಬಾಯಿಗೆ ಬಿದ್ದೆ, ಆ ಮಾತು ಬೇರೆ.

ಹೀಗೆ ನಂಬರು ಕೇಳುತ್ತಾ ಬಂದವರಲ್ಲಿ ಶೆಟ್ಟಿಕೆರೆಯ ಒಬ್ಬ ಹುಡುಗಿ ಇದ್ದಳು. ಹೊಸದಾಗಿ ಮದುವೆಯಾದವಳು, ನನಗಿಂತ ಸ್ವಲ್ಪ ಚಿಕ್ಕವಳು. ಅವಳ ಗಂಡ ಹಂದನಕೆರೆಯವನು. ತೆಳ್ಳಗೆ, ಉದ್ದಕ್ಕೆ, ಮಾತು ಕೇಳಿದರೆ ಒಂದಕ್ಕೆ ಅರ್ಧ. ನಮ್ಮ ಡ್ರೈವರುಗಳಲ್ಲಿ ನನಗೆ ಅವನ ಮೇಲೆ ಸಿಟ್ಟು ಬರುತ್ತಿದ್ದದ್ದು ಕಡಿಮೆ, ಏಕೆಂದರೆ ಪ್ರತಿ ದೊಡ್ಡ ಊರಿನಲ್ಲೂ ತಪ್ಪದೆ ಫೋನ್ ಮಾಡುತ್ತಿದ್ದ. ಹೆಂಡತಿ ಬಂದು ನೋಡುತ್ತಾಳೆಂದು ಅವನಿಗೆ ಗೊತ್ತಿತ್ತು. ಅವಳು ಬಂದಾಗಲೆಲ್ಲ ನನಗೆ ಒಂದು ಹಿಡಿ ಹುರಿಗಾಳು ಕೊಡುತ್ತಿದ್ದಳು. ಇಬ್ಬರೂ ಅದನ್ನು ತಿನ್ನುತ್ತಾ ಬಿಲ್ಲೆಯ ಕೆಳಗೆ ನಿಂತು ಹರಟುತ್ತಿದ್ದೆವು. ‘ಅವ್ನ ಹೆಸ್ರು ಒಂದ್ಸಲ ಹೇಳು, ಕಾಫಿ ತರಿಸ್ತೀನಿ’ ಎಂದು ನಾನು ಕೀಟಲೆ ಮಾಡಿದರೆ, ‘ಥೂ ಹೋಗಕ್ಕ, ನಿಂಗೆ ನಾಚ್ಕೆ ಇಲ್ಲ’ ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಅವಳ ಮೊದಲ ಹೆರಿಗೆ ದಿನ ತುಂಬುವ ಮೊದಲೇ ಆಯಿತು. ಆಗ ಅವನ ಬಿಲ್ಲೆ ಝಾನ್ಸಿಯ ಮೊಳೆಯಲ್ಲಿತ್ತು. ಗಂಡು ಮಗು, ಉಸಿರು ಸಣ್ಣದು. ಸುದ್ದಿ ಬಂದ ಕೂಡಲೇ ನಾನು ಆ ದಾರಿಯ ಗೊತ್ತಿದ್ದ ಢಾಬಾಗಳಿಗೆಲ್ಲ ಫೋನ್ ಮಾಡಿ, ಹರಕು ಹಿಂದಿಯಲ್ಲಿ, ಈ ನಂಬರಿನ ಗಾಡಿ ಬಂದರೆ ಮನೆಗೆ ಮಾತಾಡಲು ಹೇಳಿ ಎಂದು ಗೋಗರೆದೆ. ಅವನ ಲಾರಿ ಅಷ್ಟರಲ್ಲಿ ಯಾವುದೋ ಚೆಕ್‌ಪೋಸ್ಟಿನ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿತ್ತಂತೆ, ಸುತ್ತ ಒಂದು ಫೋನೂ ಇಲ್ಲ. ಸುದ್ದಿ ಮುಟ್ಟಿ, ಲಾರಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ, ರೈಲು ಹತ್ತಿ ಅವನು ಬರುವ ಹೊತ್ತಿಗೆ ಮಗುವನ್ನು ಮಣ್ಣು ಮಾಡಿ ಆಗಿತ್ತು. ಅವನು ಮಗುವಿನ ಮುಖ ನೋಡಲಿಲ್ಲ. ಆಫೀಸಿಗೆ ಬಂದವನು ಹಲಗೆಯಿಂದ ತನ್ನ ಬಿಲ್ಲೆಯನ್ನು ತೆಗೆದು ಕೈಯಲ್ಲಿ ಹಿಡಿದು ನಂಬರಿನ ಮೇಲೆ ಹೆಬ್ಬೆರಳು ಆಡಿಸಿದ. ‘ಝಾನ್ಸಿ ಹತ್ರಾನೇ ಇದ್ದೆನಲ್ಲಕ್ಕ’ ಎಂದಷ್ಟೇ ಹೇಳಿದ. ನನಗೆ ಅಳು ತಡೆಯಲಾಗಲಿಲ್ಲ, ಒಳಗಿನ ಕೋಣೆಗೆ ಹೋಗಿ ಅತ್ತೆ.

ಆಮೇಲೆ ಅವಳು ಆಫೀಸಿಗೆ ಬರುವುದು ನಿಂತಿತು. ಬಿಲ್ಲೆಯನ್ನು ನಾನು ಎಂದಿನ ಹಾಗೆ ಮೊಳೆಯಿಂದ ಮೊಳೆಗೆ ಸಾಗಿಸುತ್ತಿದ್ದೆ, ನೋಡುವವರಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ನಮ್ಮ ಆಫೀಸಿಗೆ ಕಂಪ್ಯೂಟರ್ ಬಂತು. ಅದರ ಹಿಂದೆಯೇ ಬೆಂಗಳೂರಿನಿಂದ ಒಬ್ಬ ಯುವಕ, ರಟ್ಟಿನ ಪೆಟ್ಟಿಗೆಯಲ್ಲಿ ಕೆಲವು ಕಪ್ಪು ಡಬ್ಬಿಗಳನ್ನು ತಂದ. ಊಟದ ಡಬ್ಬಿಗಿಂತ ಸಣ್ಣವು. ಲಾರಿಯ ಡ್ಯಾಶ್‌ಬೋರ್ಡಿನ ಒಳಗೆ ಕೂರಿಸಿದರೆ ಲಾರಿ ಎಲ್ಲಿದೆ ಎಂದು ತಾನೇ ಹೇಳುತ್ತದೆಂದ. ಹೇಗೆ ಎಂದು ನಾನು ಬಿಡದೆ ಕೇಳಿದೆ. ಅವನು ತಾಳ್ಮೆಯಿಂದಲೇ ಬಿಡಿಸಿ ಹೇಳಿದ. ಆಕಾಶದಲ್ಲಿ ಸುತ್ತುವ ಉಪಗ್ರಹಗಳ ಸಂಕೇತ ಕೇಳಿಸಿಕೊಂಡು ಡಬ್ಬಿ ತಾನೆಲ್ಲಿದ್ದೇನೆಂದು ಲೆಕ್ಕ ಹಾಕಿಕೊಳ್ಳುತ್ತದೆ. ಒಳಗೆ ಮೊಬೈಲಿನ ಸಿಮ್ ಇದೆ, ಅದರಿಂದ ಹತ್ತಿರದ ಟವರಿಗೆ ಹೇಳುತ್ತದೆ. ಟವರು ಬೆಂಗಳೂರಿನ ದೊಡ್ಡ ಕಂಪ್ಯೂಟರಿಗೆ ಹೇಳುತ್ತದೆ. ಅದು ಟೆಲಿಫೋನ್ ತಂತಿಯಲ್ಲಿ ನಮ್ಮ ಕಂಪ್ಯೂಟರಿಗೆ ಹೇಳುತ್ತದೆ.

‘ಅಂದ್ರೆ ಚಾಡಿ ಹೇಳೋ ಡಬ್ಬಿ ಅನ್ನು’ ಎಂದರು ಯಜಮಾನರು. ಡಬ್ಬಿಗೆ ಅದೇ ಹೆಸರು ನಿಂತಿತು.

ಚಾಡಿ ಡಬ್ಬಿ ಕಂಡರೆ ಡ್ರೈವರುಗಳಿಗೆ ಆಗುತ್ತಿರಲಿಲ್ಲ. ‘ಎಲ್ಲಿ ಟೀ ಕುಡಿದ್ವಿ, ಎಲ್ಲಿ ಮಲಗಿದ್ವಿ, ಎಲ್ಲಾ ಇವಳಿಗೆ ಕಾಣ್ಬೇಕಾ?’ ಎಂದು ನನ್ನ ಕಡೆ ಕೈ ತೋರಿಸಿ ಕೂಗಾಡಿದರು. ಆಯುಧಪೂಜೆಗೆ ಮಾತ್ರ ಅದಕ್ಕೂ ಕುಂಕುಮ ಹಚ್ಚಿ ನಿಂಬೆಹಣ್ಣು ಇಟ್ಟರು. ಆ ಹಂದನಕೆರೆಯವನ ಲಾರಿಗೂ ಒಂದು ಕೂರಿಸಿದರು. ಅವನು ಅದನ್ನು ಬೆರಳಿನಲ್ಲಿ ತಟ್ಟಿ ನೋಡಿ ನನಗೆ ಹೇಳಿದ: ‘ಮೇಲಿಂದ ನೋಡ್ತದೆ ಸರಿ. ಊಟ ಆಯ್ತಾ ಅಂತ ಕೇಳಲ್ವಲ್ಲಕ್ಕ.’

ನಾನಂತೂ ಆ ಡಬ್ಬಿಯನ್ನು ಮೊದಲ ದಿನದಿಂದ ಪ್ರೀತಿಸಿದೆ. ಪರದೆಯ ಮೇಲೆ ಇಂಡಿಯಾದ ನಕ್ಷೆ, ಅದರಲ್ಲಿ ಕೆಂಪು ಚುಕ್ಕಿ, ಚುಕ್ಕಿಯ ಕೆಳಗೆ ಗಾಡಿಯ ನಂಬರು. ಟವರ್ ಇಲ್ಲದ ಕಡೆ ಚುಕ್ಕಿ ನಿಂತುಬಿಡುತ್ತಿತ್ತು, ಟವರ್ ಸಿಕ್ಕ ಕೂಡಲೇ ಕಪ್ಪೆಯ ಹಾಗೆ ಎರಡು ಊರು ಕುಪ್ಪಳಿಸುತ್ತಿತ್ತು. ಯಾವ ಚೆಕ್‌ಪೋಸ್ಟಿನ ಸಾಲಿನಲ್ಲಿ ಸಿಕ್ಕಿಕೊಂಡರೂ ಇನ್ನು ಕಾಣುತ್ತದಲ್ಲ ಎಂದು ನನಗೆ ನೆಮ್ಮದಿ. ಮನುಷ್ಯ ಏನೆಲ್ಲ ಕಂಡುಹಿಡಿದ, ಇದೊಂದು ಮೊದಲೇ ಕಂಡುಹಿಡಿದಿದ್ದರೆ ಎಂದು ಆ ಮಗುವನ್ನು ನೆನೆದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ತೊಂದರೆ ಒಂದೇ. ಆಫೀಸಿಗೆ ಇದ್ದದ್ದು ಒಂದೇ ಫೋನ್ ಲೈನು. ಚುಕ್ಕಿ ನೋಡಬೇಕಾದರೆ ಮೇಜಿನ ಕೆಳಗೆ ತೂರಿ, ಗೋಡೆಯಲ್ಲಿದ್ದ ಫೋನಿನ ವೈರು ಕಿತ್ತು ಕಂಪ್ಯೂಟರಿನ ವೈರು ಸಿಕ್ಕಿಸಬೇಕು. ಅದು ಕೀ... ಕರ್ರ್... ಎಂದು ಅರಚಾಡಿ ಇಂಟರ್ನೆಟ್ಟಿಗೆ ಸೇರಿ, ನಕ್ಷೆ ಪಟ್ಟಿಪಟ್ಟಿಯಾಗಿ ಮೂಡುವ ತನಕ ಕಾಯಬೇಕು. ಅಷ್ಟು ಹೊತ್ತೂ ಯಾರು ಫೋನ್ ಮಾಡಿದರೂ ಎಂಗೇಜ್. ನಮ್ಮ ಡ್ರೈವರುಗಳ ಕೈಗೆ ಇನ್ನೂ ಮೊಬೈಲ್ ಬಂದಿರಲಿಲ್ಲ. ವೈರು ಕಿತ್ತು ಸಿಕ್ಕಿಸಿ, ಕಿತ್ತು ಸಿಕ್ಕಿಸಿ, ಗೋಡೆಯ ಸಾಕೆಟ್ ಸಡಿಲವಾಗಿತ್ತು. ಕೆಲವು ಸಲ ಬೆರಳಿನಲ್ಲಿ ಒತ್ತಿ ಹಿಡಿದರೆ ಮಾತ್ರ ಫೋನಿಗೆ ಜೀವ ಬರುತ್ತಿತ್ತು.

ಶೆಟ್ಟಿಕೆರೆಯ ಹುಡುಗಿ ಮತ್ತೆ ಬಸುರಿಯಾದಳು. ಅಷ್ಟು ವರ್ಷ ಕಾದು ಆದ ಬಸುರು. ತಿಪಟೂರಿನ ಡಾಕ್ಟರಮ್ಮ ಬಿಪಿ ಜಾಸ್ತಿ ಇದೆ, ನೋವಿಗೆ ಕಾಯುವುದು ಬೇಡ ಎಂದು ಆಪರೇಶನ್ನಿಗೆ ದಿನ ಗೊತ್ತು ಮಾಡಿದರು. ಕೊನೆಯ ಹದಿನೈದು ದಿನ ಆಸ್ಪತ್ರೆಗೆ ಹತ್ತಿರವಿರಲಿ ಎಂದು ಅವಳು ನಮ್ಮ ಆಫೀಸಿನ ಹಿಂದಿನ ಬೀದಿಯಲ್ಲಿದ್ದ ಚಿಕ್ಕಮ್ಮನ ಮನೆಗೆ ಬಂದಳು. ಗಂಡ ಆ ಸಲ ಗಾಡಿ ಹತ್ತುವುದಿಲ್ಲ ಎಂದ. ಯಜಮಾನರೂ ಬಲವಂತ ಮಾಡಲಿಲ್ಲ. ಅವನನ್ನು ಕಳಿಸಿದವಳು ಅವಳೇ. ಹಬ್ಬದ ಮುಂದೆ ಕೊಬ್ಬರಿ ತುಂಬಿದ ಲಾರಿ ಡ್ರೈವರಿಲ್ಲದೆ ನಿಂತಿತ್ತು. ಹೋಗಿ ಬರಲು ದಿನ ಬೇಕಾದಷ್ಟಿತ್ತು. ಆಫೀಸಿನಲ್ಲಿ, ನನ್ನ ಎದುರಿಗೇ, ಪರದೆಯ ಮೇಲಿನ ಚುಕ್ಕಿಗಳನ್ನು ನೋಡುತ್ತಾ ಅವನಿಗೆ ಹೇಳಿದಳು.

‘ಹೋಗ್ಬುಟ್ಟು ಬನ್ನಿ. ಈ ಸಲ ನೀವು ಎಲ್ಲಿದ್ರೂ ನಂಗೆ ಕಾಣ್ತೀರ.’

ಅವನೂ ಚುಕ್ಕಿಗಳ ಕಡೆ ಒಂದು ಸಲ ನೋಡಿದ. ‘ಆಪರೇಶನ್ ಹೊತ್ಗೆ ಬತ್ತೀನಿ’ ಎಂದ.

‘ನೀವು ಬರೋಗಂಟ ನಾನು ಒಳಿಕ್ಕೆ ಹೋಗಲ್ಲ’ ಎಂದು ಅವಳು ನಕ್ಕಳು. ನಾವೂ ನಕ್ಕೆವು.

ಅಲ್ಲಿಂದ ದಿನವೂ ಮಧ್ಯಾಹ್ನ ಊಟ ಮಾಡಿ, ಹೊಟ್ಟೆಯ ಮೇಲೊಂದು ಕೈ ಇಟ್ಟುಕೊಂಡು ಆಫೀಸಿಗೆ ಬರುವಳು. ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿಸಿಕೊಂಡು, ಹುರಿಗಾಳಿನ ಪೊಟ್ಟಣ ಬಿಚ್ಚಿಟ್ಟು, ‘ಎಲ್ಲೈತಕ್ಕ ನಮ್ಮ ಗಾಡಿ?’ ಎನ್ನುವಳು. ನಾನು ಮೇಜಿನ ಕೆಳಗೆ ತೂರಿ ವೈರು ಬದಲಾಯಿಸುವೆ. ಚುಕ್ಕಿ ದೆಹಲಿ ಮುಟ್ಟಿದ್ದನ್ನು ನೋಡಿದೆವು, ತಿರುಗಿ ಹೊರಟಿದ್ದನ್ನು ನೋಡಿದೆವು. ಅದು ಝಾನ್ಸಿ ದಾಟುವಾಗ ಅವಳು ಹುರಿಗಾಳಿನ ಪೊಟ್ಟಣ ಮಡಿಸಿಟ್ಟಳು. ನಾಗಪುರಕ್ಕೆ ಇಳಿದಾಗ ಹೊಟ್ಟೆಗೆ ಹೇಳಿದಳು, ‘ನೋಡ್ಲಾ, ನಿಮ್ಮಪ್ಪ ಬತ್ತಾವ್ನೆ.’ ಹೊಟ್ಟೆಯೊಳಗಿನದರ ಮುಂದೆ ಗಂಡನಿಗೆ ಬಹುವಚನ ಇರಲಿಲ್ಲ. ಅವನು ಮೊದಲಿನ ಹಾಗೆ ಎಲ್ಲ ಊರಿನಿಂದಲೂ ಫೋನ್ ಮಾಡುತ್ತಿಲ್ಲವಲ್ಲ ಎಂದು ನನಗೆ ಹೊಳೆಯಿತು. ಚುಕ್ಕಿ ಕಾಣುತ್ತಿದೆಯಲ್ಲ, ಫೋನ್ ಯಾಕೆ ಎಂದು ಬಿಟ್ಟಿರಬೇಕು ಎಂದುಕೊಂಡೆ.

ಚುಕ್ಕಿ ಹೈದರಾಬಾದಿನಲ್ಲಿ ಒಂದು ದಿನ ನಿಂತಿತ್ತು, ಸರಕು ಇಳಿಸಲು. ಆಮೇಲೆ ಹೊರಟು ಕರ್ನೂಲು ಮುಟ್ಟಿತು. ಮಾರನೆಯ ದಿನ ಅವಳು ಆಸ್ಪತ್ರೆ ಸೇರಬೇಕು, ಅದರ ಮಾರನೆಯ ಬೆಳಿಗ್ಗೆ ಆಪರೇಶನ್. ಇನ್ನು ಗುತ್ತಿ ಊರಿಗೆ ಬಂದು, ಅಲ್ಲಿ ಬಳ್ಳಾರಿ ಕಡೆ ಹೊರಳಿ, ಚಳ್ಳಕೆರೆ, ಹಿರಿಯೂರು, ಹುಳಿಯಾರು ಹಿಡಿದು ಬಂದರೆ ಮನೆ. ನಮ್ಮ ಗಾಡಿಗಳೆಲ್ಲ ಬರುತ್ತಿದ್ದ ದಾರಿ ಅದೇ. ಪರದೆಯಲ್ಲಿ ಆ ಹೊರಳು ಎಡಕ್ಕೆ ಬರುತ್ತದೆಂದು ಅವಳಿಗೂ ಪಾಠವಾಗಿತ್ತು.

ಆಸ್ಪತ್ರೆಗೆ ಸೇರುವ ದಿನ ಅವಳು ಬಟ್ಟೆಯ ಗಂಟು ಹಿಡಿದುಕೊಂಡೇ ಆಫೀಸಿಗೆ ಬಂದಳು. ಚಿಕ್ಕಮ್ಮ ಆಗಲೇ ಆಸ್ಪತ್ರೆಗೆ ಹೋಗಿ ಇವಳಿಗೆ ಮಂಚ ಗೊತ್ತು ಮಾಡಿದ್ದಳು. ಯಜಮಾನರು ತುರುವೇಕೆರೆಗೆ ಮದುವೆಗೆ ಹೋಗಿದ್ದರು. ಚುಕ್ಕಿ ನೋಡಿಕೊಂಡು ಹೋಗುತ್ತೇನೆ ಎಂದಳು. ನಕ್ಷೆ ಮೂಡಿತು. ನಾನು ಬಳ್ಳಾರಿಯ ಕಡೆ ಹುಡುಕುತ್ತಿದ್ದೆ. ಅವಳ ಕಣ್ಣಿಗೆ ಅದು ಮೊದಲು ಬಿತ್ತು.

‘ಅಕ್ಕ, ತಿರುಗ್ಲೇ ಇಲ್ವಲ್ಲ.’

ಚುಕ್ಕಿ ಗುತ್ತಿ ದಾಟಿ, ಅನಂತಪುರ ದಾಟಿ, ನೇರ ಕೆಳಕ್ಕೆ ಇಳಿದು ಪೆನುಕೊಂಡದ ಹತ್ತಿರ ನಿಂತಿತ್ತು. ಅದು ಬೆಂಗಳೂರಿನ ದಾರಿ. ಅಲ್ಲಿಂದ ಮುಂದಕ್ಕೆ ಹೊಸೂರು, ಸೇಲಂ. ನಾನು ಪುಟವನ್ನು ಇನ್ನೊಂದು ಸಲ ತರಿಸಿದೆ, ಅದೇ ಬಂತು. ಬೇರೆ ದಾರಿ ಹಿಡಿದಿರಬಹುದು, ತುಮಕೂರಿನ ಮೇಲೆ ಬರಬಹುದು ಎಂದು ಏನೇನೋ ಹೇಳಿದೆ. ಅವಳಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ.

‘ಅವ್ರಿಗೆ ಬರಾಕೆ ಇಷ್ಟ ಇಲ್ಲ ಕಣಕ್ಕ. ಇದೂ ಉಳಿಯಲ್ಲ ಅಂತ ಹೆದರ್ಕೊಂಡವ್ರೆ.’

‘ಹುಚ್ಚಿ ಥರ ಆಡ್ಬೇಡ. ಮೊದ್ಲು ಆಸ್ಪತ್ರೆಗೆ ನಡಿ.’

‘ನಾನು ಹೋಗಲ್ಲ. ಹೇಳಿದೀನಲ್ಲ, ಅವ್ರು ಬರೋಗಂಟ ಹೋಗಲ್ಲ.’

ನಗುತ್ತಾ ಆಡಿದ ಮಾತನ್ನು ಅವಳು ಈಗ ಗಟ್ಟಿ ಹಿಡಿದು ಕೂತಳು. ಮುಖ ಊದಿತ್ತು, ಪಾದ ಊದಿತ್ತು, ಹಣೆಯ ಮೇಲೆ ಬೆವರು. ತಡವಾದರೆ ತಾಯಿ ಮಗು ಇಬ್ಬರಿಗೂ ಕಷ್ಟ ಎಂದು ಡಾಕ್ಟರಮ್ಮ ನನ್ನೆದುರಿಗೇ ಹೇಳಿದ್ದರು. ನನಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ನನಗೆ ಬರುವುದು ಸಿಟ್ಟು. ಆ ಚುಕ್ಕಿಯ ಮೇಲೆ, ಆ ಗಂಡಸಿನ ಮೇಲೆ, ಆ ಡಬ್ಬಿ ತಂದ ಬೆಂಗಳೂರಿನವನ ಮೇಲೆ ಒಟ್ಟಿಗೆ ಸಿಟ್ಟು ಬಂತು. ಕಂಪ್ಯೂಟರಿನ ವೈರು ಕಿತ್ತೆಸೆದು ಫೋನಿನ ವೈರು ಸಿಕ್ಕಿಸಿ, ಪೆನುಕೊಂಡದ ಢಾಬಾಕ್ಕೆ ಫೋನ್ ಮಾಡಿದೆ. ಆ ಕಡೆ ಹೋಗುವ ನಮ್ಮ ಗಾಡಿಗಳೆಲ್ಲ ನಿಲ್ಲುತ್ತಿದ್ದದ್ದು ಅಲ್ಲೇ. ಗಾಡಿಯ ನಂಬರು ಹೇಳಿ, ನಿಂತಿದೆಯಾ ಎಂದು ಕೇಳಿದೆ.

‘ಐತಮ್ಮ, ಇಲ್ಲೇ ಐತೆ. ಡ್ರೈವರ್ ಉಂಡು ಮಲಗವ್ನೆ’ ಎಂದ ಢಾಬಾದವನು.

‘ಮೊದ್ಲು ಎಬ್ಬಿಸಿ, ಆಫೀಸಿಗೆ ಫೋನ್ ಮಾಡ್ಸಿ’ ಎನ್ನುವಷ್ಟರಲ್ಲಿ ಲೈನು ಸತ್ತಿತು.

‘ಏನಂದ್ರು?’ ಎಂದಳು ಅವಳು.

ಮಲಗಿದ್ದಾನೆ ಎಂದು ಹೇಳಬಾರದಿತ್ತೇನೋ, ಆದರೆ ಬಾಯಿಗೆ ಬೇರೆ ಮಾತು ಬರಲಿಲ್ಲ, ಹೇಳಿದೆ. ‘ಮಲಗವ್ರಾ?’ ಎಂದಳು. ‘ನಾನಿಲ್ಲಿ ಜೀವ ಕೈಯಾಗಿಟ್ಕೊಂಡು ಕೂತಿದ್ರೆ ಅವ್ರು ಉಂಡು ಮಲಗವ್ರಾ?’ ಅಲ್ಲಿಯವರೆಗೆ ತಣ್ಣಗಾಗಿದ್ದ ಅವಳ ಮುಖಕ್ಕೆ ಆ ಸಿಟ್ಟಿನಿಂದ ಸ್ವಲ್ಪ ಜೀವ ಬಂತು. ನಾನು ಮೇಜಿನ ಕೆಳಗೆ ತೂರಿ ಸಾಕೆಟ್ ಒತ್ತಿ ಹಿಡಿದೆ. ಎಡಗೈಯಲ್ಲಿ ಸಾಕೆಟ್ಟು, ಬಲಗೈಯಲ್ಲಿ ವೈರು. ಒಂದು ಕೂದಲೆಳೆಯಷ್ಟು ಅಲ್ಲಾಡಿದರೂ ಫೋನು ಸಾಯುತ್ತಿತ್ತು. ಹಾಗೇ ಕುಕ್ಕರುಗಾಲಿನಲ್ಲಿ ಕೂತೆ. ತಲೆಯ ಮೇಲೆ ಫೋನು ಹೊಡೆದುಕೊಂಡಿತು.

‘ಎತ್ತೇ! ನಾನು ಬಿಟ್ರೆ ಕಟ್ಟಾಗುತ್ತೆ, ನೀನೇ ಎತ್ತು!’ ಎಂದು ಕೆಳಗಿನಿಂದಲೇ ಕೂಗಿದೆ.

ಅವಳು ಹೆಣಗಾಡಿ ಎದ್ದು ರಿಸೀವರ್ ಎತ್ತಿದವಳು ಒಂದೇ ಉಸಿರಿಗೆ ಶುರು ಮಾಡಿದಳು. ‘ನಿಮ್ಗೆ ನಿದ್ದೆ ಹೆಂಗ್ ಬತ್ತೈತ್ರೀ? ನಾನು ಕಣ್ಣಲ್ಲಿ ಕಣ್ಣಿಟ್ಕೊಂಡು ನೋಡ್ತಾ ಕೂತಿವ್ನಿ, ನೀವು ಸೇಲಂಗೆ ಹೊಂಟಿದೀರಾ? ಹೋಗಿ, ಎಲ್ಲಿಗಾನಾ ಹೋಗಿ!’

ಆ ಕಡೆಯ ಮಹಾನುಭಾವನ ಗಂಟಲು ಎಷ್ಟು ದೊಡ್ಡದೆಂದರೆ ಮೇಜಿನ ಕೆಳಗಿದ್ದ ನನಗೂ ಸ್ಪಷ್ಟವಾಗಿ ಕೇಳಿಸಿತು.

‘ಅಮ್ಮೋ, ಯಾರಮ್ಮ ನೀನು? ನನ್ನ ಹೆಂಡ್ತಿ ಸತ್ರೂ ಹಿಂಗ್ ಬೈಯಲ್ಲ!’

ಅದು ಅವಳ ಗಂಡನ ದನಿಯಲ್ಲ. ಅವಳು ತಡೆದು ಗಾಡಿಯ ನಂಬರು ಹೇಳಿದಳು.

‘ಹೂಂ, ಅದೇ ಗಾಡಿ. ನಾನೇ ಓಡಿಸ್ತಿರೋದು. ಏನಾಗ್ಬೇಕಿತ್ತು?’

‘ನೀವಲ್ಲ... ಅವ್ರು. ಗಾಡಿ ಅವ್ರದ್ದು.’

‘ಯಾರು ಅವ್ರು?’

‘ನಮ್ಮ ಮನೆಯವ್ರು.’

‘ಯಾರ ಮನೆಯವ್ರಮ್ಮ? ಎಲ್ರೂ ಯಾರ್ದೋ ಮನೆಯವ್ರೇ. ಹೆಸ್ರು ಹೇಳು.’

ಆಗ ನನ್ನ ತಲೆಗೆ ಹೊಳೆಯಿತು. ನಾವು ಇಷ್ಟು ದಿನ ನೋಡುತ್ತಿದ್ದದ್ದು ಗಾಡಿಯನ್ನು. ಹಲಗೆಯ ಕಾಲದಿಂದಲೂ ನಂಬರೇ ಮನುಷ್ಯ, ಮನುಷ್ಯನೇ ನಂಬರು ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೆವು. ಗಾಡಿ ಇಲ್ಲಿದೆ, ಹಾಗಾದರೆ ಅವನೆಲ್ಲಿ? ‘ಹೆಸರು ಹೇಳೇ! ಅವ್ನ ಹೆಸರು ಹೇಳು!’ ಎಂದು ಕಿರುಚಿದೆ. ನಾನೇ ಹೇಳೋಣವೆಂದರೆ ವೈರು ಬಿಡುವ ಹಾಗಿಲ್ಲ, ನನ್ನ ದನಿ ರಿಸೀವರಿಗೆ ಮುಟ್ಟುವ ಹಾಗಿಲ್ಲ. ಅವಳ ಕಾಲು ಮಾತ್ರ ನನಗೆ ಕಾಣುತ್ತಿತ್ತು. ಊದಿದ ಪಾದದ ಬೆರಳುಗಳು ನೆಲವನ್ನು ಒತ್ತಿ ಹಿಡಿದಿದ್ದವು.

‘ಹಲೋ? ಇಡ್ಲಾ ಫೋನು?’ ಎಂದ ಅವನು.

ಅವಳು ಹೆಸರು ಹೇಳಿದಳು.

ಮೊದಲು ಗಾಳಿಯಲ್ಲಿ ಹೇಳಿದ ಹಾಗೆ ಮೆಲ್ಲಗೆ, ಅವನಿಗೆ ಕೇಳಿಸಲಿಲ್ಲ. ಆಮೇಲೆ ಗಟ್ಟಿಯಾಗಿ, ಅಪ್ಪನ ಹೆಸರು, ಊರು ಎಲ್ಲ ಸೇರಿಸಿ. ಆ ಹೆಸರು ಆಫೀಸಿನ ಗೋಡೆಗೆ ಬಡಿದು, ಹೊರಗೆ ಚೀಲ ಹೊರುತ್ತಿದ್ದ ಹಮಾಲರು ಬಾಗಿಲಿನತ್ತ ತಿರುಗಿ ನೋಡುವಂತೆ ಕೇಳಿಸಿತು.

‘ಅಯ್ಯೋ ಅವ್ನಾ!’ ಎಂದ ಆ ಗಂಟಲಿನವನು. ‘ನೀನು ಅವ್ನ ಹೆಂಡ್ತೀನಾ ತಾಯೀ? ಹೈದರಾಬಾದಲ್ಲಿ ಈ ಗಾಡಿಗೆ ಸೇಲಂ ಲೋಡ್ ಬಿತ್ತು. ನಾನೂ ನಿಮ್ಮ ಆಫೀಸಿನವನೇ, ನನ್ನ ಗಾಡಿಗೆ ಹಿರಿಯೂರು ಲೋಡಿತ್ತು. ಹೆಂಡ್ತಿ ಹೆರಿಗೆ ಕಣ್ಲಾ, ನಾನು ಊರ ಕಡೆಗೇ ಹೋಗ್ಬೇಕು, ಗಾಡಿ ಬದ್ಲಾಯಿಸ್ಕೊಳ್ಳಾನ ಅಂತ ಕಾಲಿಗೆ ಬಿದ್ದ. ಆಫೀಸಿಗೆ ಎಷ್ಟ್ ಸಲ ಫೋನ್ ಮಾಡಿದ್ವಿ, ಬರೀ ಎಂಗೇಜು! ನಂಗಿಂತ ಮುಂಚೆ ಹೊಂಟ. ಇಷ್ಟೊತ್ಗೆ ಹಿರಿಯೂರಲ್ಲಿ ಲೋಡ್ ಇಳ್ಸಿ ನಿಮ್ಮೂರ ದಾರೀಲಿರ್ಬೇಕು. ಆ ಗಾಡೀಲಿ ಚಾಡಿ ಡಬ್ಬಿ ಇಲ್ವಲ್ಲ ತಾಯಿ, ನಿಮ್ಗೆ ಕಂಡಿಲ್ಲ.’

ಅವಳು ರಿಸೀವರ್ ಇಟ್ಟು ನೆಲಕ್ಕೇ ಕೂತುಬಿಟ್ಟಳು. ನಾನು ಮೇಜಿನ ಕೆಳಗಿನಿಂದ ತೆವಳಿ ಬಂದೆ. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ, ಎರಡೂ ಇತ್ತು. ಗಂಡನ ಆಯಸ್ಸಿಗೆ ಏನೂ ಆಗದಿರಲಿ ಎಂದು ಕೆನ್ನೆ ಕೆನ್ನೆ ಬಡಿದುಕೊಂಡು ದೇವರಿಗೆ ತಪ್ಪಾಯಿತೆಂದಳು. ಅದಾದ ಮೇಲೆ ಬಟ್ಟೆಯ ಗಂಟು ಎತ್ತಿಕೊಂಡು, ‘ನಡೀ ಅಕ್ಕ, ಆಸ್ಪತ್ರೆಗೆ ಹೋಗಾನ’ ಎಂದಳು. ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ ಚಿಕ್ಕಮ್ಮನ ಕೈಗೆ ಒಪ್ಪಿಸಿ ಬಂದೆ. ಬಂದವಳು ಸಾಕೆಟ್ಟಿಗೆ ಒಂದು ಮಡಿಸಿದ ರಟ್ಟು ತುರುಕಿ ವೈರನ್ನು ಭದ್ರ ಮಾಡಿ, ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿದೆ. ಆ ದಿನ ಮತ್ತೆ ಅದನ್ನು ಮುಟ್ಟಲಿಲ್ಲ.

ಸ್ವಲ್ಪ ಹೊತ್ತಿಗೇ ಹುಳಿಯಾರಿನ ಬೂತಿನಿಂದ ಅವನ ಫೋನ್ ಬಂತು. ‘ಅಕ್ಕ, ಅಂತೂ ಸಿಕ್ಕಿದ್ರಲ್ಲ’ ಎಂದ. ನಾನು ಎದ್ದು ಹೋಗಿ, ಆಗಲೇ ಧೂಳು ಹಿಡಿದಿದ್ದ ಹಲಗೆಯಲ್ಲಿ ಅವನ ಕರಟದ ಬಿಲ್ಲೆಯನ್ನು ಹುಡುಕಿ ಹುಳಿಯಾರಿನ ಮೊಳೆಗೆ ಹಾಕಿದೆ. ಯಾರೂ ನೋಡುವವರಿಲ್ಲದಿದ್ದರೂ ಹಾಕಿದೆ.

ದೀಪ ಹಚ್ಚುವ ಹೊತ್ತಿಗೆ ಲಾರಿಯ ಹಾರ್ನ್ ಕೇಳಿಸಿತು. ಬಾಗಿಲಲ್ಲಿ ನಿಂತವನ ತಲೆಯಿಂದ ಕಾಲಿನವರೆಗೂ ಧೂಳು. ನಡೆದದ್ದನ್ನೆಲ್ಲ ಹೇಳಿದೆ. ಹೆಸರು ಕೂಗಿದ್ದನ್ನು ಹೇಳುವಾಗ ಸ್ವಲ್ಪ ಉಪ್ಪು ಖಾರ ಹಚ್ಚಿಯೇ ಹೇಳಿದೆ. ಅವನು ಕಿವಿಯವರೆಗೂ ಕೆಂಪಾಗಿ, ಗೋಡೆ ನೋಡುತ್ತಾ, ‘ಗಟ್ಟಿಯಾಗಾ?’ ಎಂದು ಕೇಳಿದ. ಹಮಾಲರನ್ನು ಕೇಳಿ ನೋಡು ಎಂದೆ.

ಆ ತಿಂಗಳೇ ಯಜಮಾನರು ಕಂಪ್ಯೂಟರಿಗೆ ಬೇರೆ ಲೈನು ಹಾಕಿಸಿದರು. ಬೆಂಗಳೂರಿನ ಯುವಕನನ್ನು ಕರೆಸಿ ಚುಕ್ಕಿಯ ಕೆಳಗೆ ಗಾಡಿಯ ನಂಬರಿನ ಜೊತೆ ಆ ದಿನ ಓಡಿಸುವವನ ಹೆಸರೂ ಬರುವ ಹಾಗೆ ನಾನೇ ಪಟ್ಟು ಹಿಡಿದು ಮಾಡಿಸಿದೆ. ಗಾಡಿ ಬದಲಾದರೆ ಹೆಸರೂ ಬದಲಾಗಬೇಕು. ಹೆಂಗಸರು ಬಾಯಿ ಬಿಡಬೇಕಾಗಿರಲಿಲ್ಲ, ಬೆರಳು ತೋರಿಸಿದರೆ ಸಾಕಿತ್ತು. ಈಗ ನನ್ನ ಮಗಳು ಅಂಗೈಯಲ್ಲಿ ಫೋನ್ ಹಿಡಿದು, ಅಪ್ಪ ಬೈಕಿನಲ್ಲಿ ಯಾವ ತಿರುವಿನಲ್ಲಿದ್ದಾನೆ ಎಂದು ನೋಡಿ ಅನ್ನಕ್ಕೆ ಇಡುತ್ತಾಳೆ. ನನಗೆ ಅದನ್ನು ಕಂಡರೆ ಇವತ್ತಿಗೂ ಬೆರಗು, ಇವತ್ತಿಗೂ ಸಂತೋಷ. ಆದರೂ ಅವಳು ಒಂದು ಸಲ ಫೋನ್ ಮಾಡಿ ‘ಎಲ್ಲಿದೀಯಪ್ಪ’ ಎಂದು ಕೇಳಲಿ ಎಂದು ನನ್ನ ಆಸೆ.

ಅವನು ಬಂದಿಳಿದ ಮಾರನೆಯ ಬೆಳಿಗ್ಗೆ ಹೆಣ್ಣು ಮಗು ಹುಟ್ಟಿತು. ದಪ್ಪಗೆ, ಕಪ್ಪಗೆ, ಊರಿಗೆಲ್ಲ ಕೇಳುವ ಗಂಟಲು. ನಾನು ಮಧ್ಯಾಹ್ನ ಫ್ಲಾಸ್ಕಿನಲ್ಲಿ ಕಾಫಿ ಹಿಡಿದುಕೊಂಡು ಹೋದಾಗ ಅವನು ಮಗುವನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ನಿಂತಿದ್ದ. ಮುಖವನ್ನೇ ನೋಡುತ್ತಿದ್ದ. ಬೆಳಗಿನಿಂದ ಹಾಗೇ ನಿಂತಿದ್ದಾನೆ, ಕೊಡು ಅಂದರೆ ಕೊಡುವುದಿಲ್ಲ ಎಂದು ನರ್ಸಮ್ಮ ಗೊಣಗಿದಳು. ಬಾಣಂತಿ ಮಂಚದ ಮೇಲೆ ಸುಸ್ತಾಗಿ ಮಲಗಿ ಅವನನ್ನು ನೋಡುತ್ತಿದ್ದಳು. ನಾನು ಕಾಫಿ ಬಗ್ಗಿಸುವ ನೆಪದಲ್ಲಿ ಬೆನ್ನು ತಿರುಗಿಸಿದೆ.

‘ನನ್ನ ಹೆಸ್ರು ಹೇಳಿದೆಯಂತೆ’ ಎಂದ ಅವನು, ಮಗುವಿನ ಮುಖದಿಂದ ಕಣ್ಣು ತೆಗೆಯದೆ. ‘ಊರಿಗೆಲ್ಲ ಕೇಳೋ ಹಂಗೆ. ನಾನೊಬ್ನೇ ಕೇಳ್ಲಿಲ್ಲ. ಇನ್ನೊಂದ್ ದಪ ಹೇಳು.’

ಅವಳು ತಟ್ಟನೆ ಉತ್ತರ ಕೊಟ್ಟಳು:

‘ಇನ್ನೊಂದ್ ದಪ ಕಳ್ದೋಗ್ರಿ, ಆಗ ಹೇಳ್ತೀನಿ.’